ಯಾವ ಹಾಡು ಹಾಕಲವ್ವಾ? – ಚಿಕಿತ್ಸೆಯ ಕೋಣೆಯಲ್ಲಿ ಸಂಗೀತ



ಸಿಸೇರಿಯನ್ ಹೆರಿಗೆಗೆ ಬೆನ್ನಿಗೆ ಕೊಡುವ ಸೂಜಿಯ ವಿಷಯ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಅದು ಎದೆಯಿಂದ ಕೆಳಗಿನ ಮೈಯನ್ನು ಮರಗಟ್ಟಿಸುತ್ತದೆ. ಎಚ್ಚರ ಮಾತ್ರ ಹಾಗೇ ಇರುತ್ತದೆ. ಮುಖದ ಮುಂದೆ ಹಸಿರು ಬಟ್ಟೆಯ ಪರದೆ ಕಟ್ಟಿರುತ್ತೇವೆ, ತಾಯಿಗೆ ಏನೂ ಕಾಣುವುದಿಲ್ಲ. ಕಾಣದಿದ್ದಾಗ ಕೇಳುವುದೆಲ್ಲ ದೊಡ್ಡದಾಗುತ್ತದೆ. ಟ್ರೇಯಲ್ಲಿ ಕತ್ತರಿ ಬಿದ್ದ ಸದ್ದು, ಸಕ್ಷನ್ ಮೆಷಿನ್ನಿನ ಗೊರಗೊರ, "ಬ್ಲೀಡಿಂಗ್ ಇದೆ, ಮಾಪ್ ಕೊಡಿ" ಎಂಬ ಮಾತು, ಬಾಗಿಲಾಚೆ ಓಡುವ ಟ್ರಾಲಿ. ನಮಗೆ ಇದು ದಿನನಿತ್ಯದ ಸದ್ದು. ಆ ತಾಯಿಗಾದರೋ, ತನ್ನ ಮೈಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಲು ಇರುವುದು ಅದೊಂದೇ ದಾರಿ. ನಾನು ಅರಿವಳಿಕೆ ವೈದ್ಯ, ರೋಗಿಯ ತಲೆಯ ಕಡೆ ನಿಲ್ಲುವವನು. ಆ ಕಿವಿಗೆ ಏನು ಬೀಳುತ್ತದೆ ಎಂಬುದೂ ನನ್ನ ಹೊಣೆಯೇ ಎಂದು ನಂಬಿಕೊಂಡು ಬಂದಿದ್ದೇನೆ. ಇಂದಿನ ಉಪನ್ಯಾಸ ಆ ನಂಬಿಕೆಯ ಬಗ್ಗೆ.

ಆಪರೇಷನ್ ಥಿಯೇಟರಿಗೆ ಹಾಡು ಬಂದದ್ದು ಮೊನ್ನೆ ಮೊನ್ನೆಯಲ್ಲ. 1914ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಇವಾನ್ ಓನೀಲ್ ಕೇನ್ ಎಂಬ ಶಸ್ತ್ರವೈದ್ಯ, ಆ ದೇಶದ ವೈದ್ಯ ಸಂಘದ ಪತ್ರಿಕೆಗೆ ಒಂದು ಚಿಕ್ಕ ಬರಹ ಕಳಿಸಿದ. ಥಿಯೇಟರಿನಲ್ಲಿ ಫೋನೋಗ್ರಾಫ್ ಇಟ್ಟರೆ ಅರಿವಳಿಕೆ ಕೊಡುವ ಮುಂಚಿನ ರೋಗಿಯ ಅಂಜಿಕೆ ಕಡಿಮೆಯಾಗುತ್ತದೆ ಎಂಬುದು ಅವನ ಅನುಭವ. ಇದೇ ಕೇನ್ 1921ರಲ್ಲಿ ಸ್ಥಳೀಯ ಅರಿವಳಿಕೆ ಕೊಟ್ಟುಕೊಂಡು ತನ್ನ ಅಪೆಂಡಿಕ್ಸನ್ನು ತಾನೇ ಕೊಯ್ದು ತೆಗೆದವನು. ಎಚ್ಚರವಿದ್ದು ಕೊಯ್ಸಿಕೊಳ್ಳುವುದೆಂದರೇನು ಎಂದು ಅವನಷ್ಟು ಹತ್ತಿರದಿಂದ ಬಲ್ಲ ವೈದ್ಯರು ಕಡಿಮೆ.

ಹಾಡು ನೋವನ್ನು ಹೇಗೆ ತಗ್ಗಿಸುತ್ತದೆ? 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಸಿದ್ಧಾಂತ ಮುಂದಿಟ್ಟರು. ಗಾಯದಿಂದ ಹೊರಟ ಸಂದೇಶ ನೇರವಾಗಿ ಮಿದುಳಿಗೆ ಹೋಗಿ ನೋವಾಗುವುದಿಲ್ಲ, ಬೆನ್ನುಹುರಿಯಲ್ಲಿ ಅದಕ್ಕೊಂದು ಬಾಗಿಲಿದೆ, ಆ ಬಾಗಿಲನ್ನು ಎಷ್ಟು ತೆರೆಯಬೇಕೆಂದು ಮೇಲಿನಿಂದ ಮಿದುಳೂ ಹೇಳುತ್ತದೆ ಎಂಬುದು ಅದರ ಸಾರ. ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದಿಂದ ಬಂದಿರುವ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲುವೆಯಲ್ಲಿ ನೀರು ಎಷ್ಟಿದ್ದರೂ ಗದ್ದೆಗೆ ಬರುವುದು ತೂಬಿನ ಹಲಗೆ ಎತ್ತಿದಷ್ಟೇ. ಸಿದ್ಧಾಂತದ ವಿವರಗಳು ಆಮೇಲೆ ಬಹಳ ತಿದ್ದುಪಡಿಯಾಗಿವೆ, ಆದರೆ ಮೂಲ ಮಾತು ನಿಂತಿದೆ. ಅಂಜಿಕೆ ಹಲಗೆಯನ್ನು ಎತ್ತುತ್ತದೆ. ಮನಸ್ಸು ಬೇರೆ ಕಡೆ ಹಿಡಿದು ನಿಂತರೆ ಹಲಗೆ ಇಳಿಯುತ್ತದೆ.

ಅಂಜಿಕೆಯನ್ನು ನಾವು ವೈದ್ಯರು ಹಗುರವಾಗಿ ಕಾಣುತ್ತೇವೆ. "ಏನೂ ಆಗಲ್ಲ, ಸುಮ್ನೆ ಮಲಕ್ಕೋ" ಎಂದು ಹೇಳಿ ಮುಗಿಸುತ್ತೇವೆ. ಅಂಜಿದ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ನಾಡಿ ಓಡುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ. ಕಣ್ಣಿನ ಪೊರೆ ತೆಗೆಸಲು ಬಂದ ಅಜ್ಜನ ಬಿಪಿ ಥಿಯೇಟರಿನ ಬಾಗಿಲಲ್ಲಿ ಏರಿ, "ಇವತ್ತು ಆಗಲ್ಲಜ್ಜಾ, ಇನ್ನೊಂದಿನ ಬಾ" ಎಂದು ವಾಪಸು ಕಳಿಸಿದ್ದನ್ನು ನಾನು ನೋಡಿದ್ದೇನೆ. ಸಿರುಗುಪ್ಪದಿಂದ ಬಳ್ಳಾರಿಗೆ ಸುಮಾರು 55 ಕಿಲೋಮೀಟರ್. ಜೊತೆಗೆ ಬಂದ ಮಗನಿಗೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಹೋಯಿತು, ಅಜ್ಜನಿಗೆ ಇನ್ನೊಮ್ಮೆ ಬರುವ ಧೈರ್ಯವೂ ಹೋಯಿತು. ಬೆನ್ನಿಗೆ ಸೂಜಿ ಹಾಕುವಾಗಲೂ ಇದೇ ತೊಂದರೆ. ಹೆದರಿದವರು ಬೆನ್ನು ಬಾಗಿಸುವುದಿಲ್ಲ, ಬಿಗಿ ಹಿಡಿಯುತ್ತಾರೆ. ಮೂಳೆಗಳ ನಡುವಿನ ಸಂದು ಮುಚ್ಚಿಕೊಳ್ಳುತ್ತದೆ, ಒಂದು ಸೂಜಿಯಲ್ಲಿ ಆಗಬೇಕಾದ ಕೆಲಸಕ್ಕೆ ಮೂರು ಸಲ ಚುಚ್ಚಬೇಕಾಗುತ್ತದೆ.

ಹಾಡಿನಿಂದ ಆಗುವ ಉಪಕಾರಕ್ಕೆ ಪುರಾವೆ ಉಂಟೇ ಎಂದು ನೀವು ಕೇಳಲೇಬೇಕು. ಉಂಟು. 2015ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ 73 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದ ಸಮೀಕ್ಷೆಯೊಂದು ಬಂತು. ಶಸ್ತ್ರಚಿಕಿತ್ಸೆಯ ಮುಂಚೆ, ನಡುವೆ ಅಥವಾ ನಂತರ ಸಂಗೀತ ಕೇಳಿದವರಿಗೆ ನೋವು, ಆತಂಕ ಎರಡೂ ಕಡಿಮೆ ಇದ್ದವು, ನೋವಿನ ಔಷಧಿಯೂ ಕಡಿಮೆ ಸಾಕಾಯಿತು. ಆಸ್ಪತ್ರೆಯಲ್ಲಿ ಉಳಿಯುವ ದಿನಗಳು ಮಾತ್ರ ಕಡಿಮೆಯಾಗಲಿಲ್ಲ. ಇದನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ಹಾಡನ್ನು ಮಾರುವವನಾಗುತ್ತೇನೆ. 2019ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನರಕ್ಕೆ ಅರಿವಳಿಕೆ ಚುಚ್ಚುವ ಮುಂಚೆ 157 ಜನರ ಮೇಲೆ ಇನ್ನೊಂದು ಪ್ರಯೋಗ ನಡೆಯಿತು. ಕೆಲವರಿಗೆ ಆತಂಕ ಇಳಿಸುವ ಮಿಡಜೋಲಾಂ ಔಷಧಿ, ಕೆಲವರಿಗೆ ಹೆಡ್‌ಫೋನಿನಲ್ಲಿ ಸಂಗೀತ. ಆತಂಕ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಇಳಿಯಿತು. ಆದರೆ ಔಷಧಿ ಪಡೆದವರೇ ಹೆಚ್ಚು ತೃಪ್ತರಾಗಿದ್ದರು. ಸಂಗೀತವನ್ನು ಸಂಶೋಧಕರೇ ಆರಿಸಿದ್ದರು, ರೋಗಿಗೆ ಆಯ್ಕೆ ಇರಲಿಲ್ಲ. ಹೊರಗಿನ ಸದ್ದು ತಡೆಯುವ ಹೆಡ್‌ಫೋನು ಹಾಕಿದ್ದರಿಂದ ವೈದ್ಯರ ಮಾತೂ ಸರಿಯಾಗಿ ಕೇಳಿಸಲಿಲ್ಲ. ಈ ಎರಡು ಕೊರತೆಗಳಿಂದ ನಾನು ಕಲಿತದ್ದೇ ಹೆಚ್ಚು.

ಇನ್ನು ಯಾವ ಹಾಡು ಎಂಬ ಪ್ರಶ್ನೆ. ನನ್ನ ಮಟ್ಟಿಗೆ ಇಡೀ ವಿಷಯದ ಜೀವ ಇಲ್ಲಿದೆ.

'ಲ್ಯಾನ್ಸೆಟ್' ಸಮೀಕ್ಷೆಯ ಲೆಕ್ಕದಲ್ಲಿ ಹಾಡನ್ನು ಯಾರು ಆರಿಸಿದರು ಎಂಬುದರಿಂದ ಫಲಿತಾಂಶದಲ್ಲಿ ಅಂಥ ವ್ಯತ್ಯಾಸ ಬರಲಿಲ್ಲ. ಆದರೂ ನಾನು ಕೇಳದೆ ಹಾಡು ಹಾಕಬೇಡಿ ಎನ್ನುತ್ತೇನೆ. ಕಾರಣ ನಮ್ಮ ಊರುಗಳಲ್ಲೇ ಇದೆ. ನಮ್ಮ ಕಡೆ ಸಾವಿನ ಮನೆಯಲ್ಲಿ ಭಜನೆ ಮಾಡುತ್ತಾರೆ. ಹೆಣವನ್ನು ಕೂರಿಸಿ, ರಾತ್ರಿಯಿಡೀ ಹಾರ್ಮೋನಿಯಂ, ತಾಳ, ತಬಲಾ ಇಟ್ಟುಕೊಂಡು ತತ್ವಪದ ಹಾಡುತ್ತಾರೆ. ಭಕ್ತಿಗೀತೆ ಎಲ್ಲರಿಗೂ ಒಗ್ಗುತ್ತದೆ ಎಂದು ನಗರದ ಡಾಕ್ಟರು ಪ್ರೀತಿಯಿಂದಲೇ ಒಂದು ತತ್ವಪದ ಹಾಕಿದರೆ, ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದ ಹೆಣ್ಣುಮಗಳಿಗೆ ಅಪ್ಪನನ್ನು ಕಳಿಸಿಕೊಟ್ಟ ರಾತ್ರಿ ನೆನಪಾಗಬಹುದು. ಅದೇ ಪದ, ದಿನಾ ಸಂಜೆ ಮಠದ ಕಟ್ಟೆಯ ಮೇಲೆ ಭಜನೆಗೆ ಕೂರುವ ಇನ್ನೊಬ್ಬರಿಗೆ ಧೈರ್ಯ ಕೊಡಬಹುದು. ಯಾರಿಗೆ ಯಾವುದು ಎಂಬುದು ಅವರ ಬಾಯಿಂದಲೇ ಬರಬೇಕು.

ಬಳ್ಳಾರಿ ಒಂದೇ ಭಾಷೆಯ ಊರೂ ಅಲ್ಲ. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ, ಗೆಳೆಯರ ಜೊತೆ ಉರ್ದು ಆಡುವವರು ಇಲ್ಲಿದ್ದಾರೆ. ಜೀನ್ಸ್ ಹೊಲಿಯುವ ಹುಡುಗನಿಗೆ ಮೆಷಿನ್ನಿನ ಪಕ್ಕದ ಮೊಬೈಲಿನಲ್ಲಿ ದಿನವಿಡೀ ಓಡುವ ಸಿನಿಮಾ ಹಾಡೇ ಆಪ್ತ. ಇನ್ನೊಬ್ಬರಿಗೆ ಕವ್ವಾಲಿ, ಮತ್ತೊಬ್ಬರಿಗೆ ಮೊಹರಂ ಪದ. "ಯಾವ ಹಾಡು ಹಾಕಲವ್ವಾ?" ಎಂದು ಕೇಳಿದರೆ ಮೊದಲು ಬರುವ ಉತ್ತರ "ಯಾವ್ದರ ಹಾಕ್ರಿ ಸಾರ್" ಎಂದೇ. ನಾಚಿಕೆ ಅದು, ಆಸ್ಪತ್ರೆಯಲ್ಲಿ ತನ್ನ ಇಷ್ಟವನ್ನು ಯಾರೂ ಕೇಳಿದ್ದಿಲ್ಲ ಎಂಬ ಅಭ್ಯಾಸವೂ ಹೌದು. ಎರಡನೆಯ ಸಲ ಕೇಳಬೇಕು. ಬೀಸುವಾಗ, ಕಳೆ ತೆಗೆಯುವಾಗ ಏನು ಹಾಡುತ್ತಿದ್ದಿರಿ ಎಂದು ಕೇಳಬೇಕು. ಆಗ ಮುಖ ಬೇರೆಯಾಗುವುದನ್ನು ನಾನು ಬಲ್ಲೆ. ಸಹಿ ಮಾಡಿ, ಬಟ್ಟೆ ಬದಲಿಸಿ, ಅಲ್ಲಿ ಮಲಗಿ ಎಂದು ಬೆಳಗಿನಿಂದ ಹೇಳಿಸಿಕೊಂಡೇ ಬಂದ ಮನುಷ್ಯರಿಗೆ, ತಾವು ನಿರ್ಧರಿಸುವಂಥ ಒಂದು ವಿಷಯ ಸಿಕ್ಕಿರುತ್ತದೆ.

ಕೂಸುಗಳ ವಿಷಯದಲ್ಲೂ ಇದೇ ಕಾಣುತ್ತದೆ. 2013ರಲ್ಲಿ ಅಮೆರಿಕದ 11 ಆಸ್ಪತ್ರೆಗಳಲ್ಲಿ ದಿನ ತುಂಬದೆ ಹುಟ್ಟಿದ 272 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಹೆತ್ತವರು ತಾವೇ ಆರಿಸಿದ ಹಾಡನ್ನು ಜೋಗುಳದಂತೆ ಹಾಡಿದಾಗ ಕೂಸಿನ ಎದೆಬಡಿತ ಶಾಂತವಾಯಿತು, ಹೆತ್ತವರ ಆತಂಕವೂ ತಗ್ಗಿತು. ಲಸಿಕೆ ಹಾಕಿಸಲು ಬಂದ ತಾಯಿಯನ್ನು "ಸೂಜಿ ನೋಡಬ್ಯಾಡ, ಹೊರಗ ನಿಂದ್ರು" ಎನ್ನುವ ಬದಲು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಡವ್ವಾ ಎಂದರೆ ಆಯಿತು. ಅದಕ್ಕೆ ಯಂತ್ರವೂ ಬೇಡ.

ಉದ್ದನೆಯ ಚಿಕಿತ್ಸೆಗೆ ಉದ್ದನೆಯ ಕಥನ ಬೇಕು ಎಂಬುದು ನನ್ನ ಅಭಿಪ್ರಾಯ. ತಾಲ್ಲೂಕು ಆಸ್ಪತ್ರೆಗಳಲ್ಲೂ ಈಗ ಡಯಾಲಿಸಿಸ್ ಇದೆ. ಪ್ರತಿ ಸಲ ಸುಮಾರು ನಾಲ್ಕು ಗಂಟೆ, ವಾರಕ್ಕೆ ಎರಡು-ಮೂರು ಸಲ, ಸೀಲಿಂಗ್ ಫ್ಯಾನ್ ನೋಡುತ್ತ ಮಲಗಬೇಕು. ಮೂರು ನಿಮಿಷದ ಹಾಡುಗಳು ಅಲ್ಲಿಗೆ ಸಾಲವು. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಹೇಳಿಮಾಡಿಸಿದ ಕಲೆಯಿದೆ. 2014ರಲ್ಲಿ ತೀರಿಕೊಂಡ ದರೋಜಿ ಈರಮ್ಮ ಬುರ್ರಕಥೆಯ ದೊಡ್ಡ ಕಾವ್ಯಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಬಯಲಾಟ ಬೆಳತನಕ ನಡೆಯುತ್ತದೆ. ಹಗಲೆಲ್ಲ ಗದ್ದೆಯಲ್ಲಿ ದುಡಿದು ಬಂದವರು ಮೈಕೈ ನೋವು ಮರೆತು ಚಾಪೆಯ ಮೇಲೆ ಕೂತು ನೋಡುತ್ತಿದ್ದರು. ಮುಂದೇನಾಯಿತು ಎಂಬ ಕುತೂಹಲ ಗಮನವನ್ನು ಹಿಡಿದಿಡುವ ಬಗೆಯನ್ನು ನಮ್ಮ ಕಥೆಗಾರ್ತಿಯರು ಯಾವ ಪ್ರಯೋಗಾಲಯದ ನೆರವಿಲ್ಲದೆ ಅರಿತಿದ್ದರು. ಇದಕ್ಕಿಂತ ಬಹಳ ಹಿಂದೆ, ಸಂಗನಕಲ್ಲಿನ ಪಕ್ಕದ ಕಪ್ಪಗಲ್ಲು ಗುಡ್ಡದಲ್ಲಿ ನವಶಿಲಾಯುಗದ ಜನ ಕರಿಬಂಡೆಗಳನ್ನು ಬಡಿದು ನಾದ ಹೊರಡಿಸಿದ ಗುರುತುಗಳಿವೆ. ಬಡಿದು ಬಡಿದು ಬಂಡೆಯಲ್ಲಿ ಕುಳಿ ಬಿದ್ದಿದೆ, ಈಗಲೂ ತಟ್ಟಿದರೆ ಜಾಗಟೆಯಂತೆ ಮೊಳಗುತ್ತದೆ. ಅದು ಚಿಕಿತ್ಸೆಗಾಗಿ ಎಂದು ನಾನು ಹೇಳಲಾರೆ. ಈ ಮಣ್ಣಿನವರಿಗೆ ನಾದದ ಹಂಬಲ ಎಷ್ಟು ಹಳೆಯದು ಎಂದಷ್ಟೇ ಹೇಳಬಲ್ಲೆ.

ಎಚ್ಚರಿಕೆಯ ಮಾತುಗಳಿವೆ. ಈ ರಾಗಕ್ಕೆ ಈ ರೋಗ ವಾಸಿ ಎಂಬ ಪಟ್ಟಿಗಳು ಮೊಬೈಲಿನಲ್ಲಿ ಓಡಾಡುತ್ತಿವೆ. ಸಕ್ಕರೆ ಕಾಯಿಲೆಗೊಂದು ರಾಗ, ಕ್ಯಾನ್ಸರಿಗೊಂದು ರಾಗ. ಅವನ್ನು ನಂಬಿ ಮಾತ್ರೆ ಬಿಡಬೇಡಿ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಸಂಗೀತ ಮತ್ತು ಮಿದುಳಿನ ಸಂಬಂಧ ಪರೀಕ್ಷಿಸಲೆಂದೇ ಒಂದು ಪ್ರಯೋಗಾಲಯವಿದೆ. ಅಂಥ ಕಡೆ ವರ್ಷಗಟ್ಟಲೆ ತಾಳ್ಮೆಯಿಂದ ನಡೆಯುವ ಕೆಲಸಕ್ಕೂ ಈ ಪಟ್ಟಿಗಳಿಗೂ ಸಂಬಂಧವಿಲ್ಲ. ಹಾಡು ಅರಿವಳಿಕೆಯ ಬದಲಿ ಅಲ್ಲ. ಮರಗಟ್ಟಿಸದೆ ಹೊಲಿಗೆ ಹಾಕಿ ಕಿವಿಗೆ ಹಾಡು ಹಚ್ಚಿದರೆ ಅದು ಕ್ರೌರ್ಯ.

2024ರ ನವೆಂಬರಿನಲ್ಲಿ ನಮ್ಮೂರು ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೊಬ್ಬರು ತೀರಿಹೋದರು. ರಕ್ತನಾಳಕ್ಕೆ ಏರಿಸುವ ದ್ರಾವಣದ ಮೇಲೆ ಅನುಮಾನ ಬಂತು, ಸರ್ಕಾರ ಅದರ ಬಳಕೆಯನ್ನು ತಡೆಹಿಡಿಯಿತು. ಅದಾದ ಮೇಲೆ ಹೆರಿಗೆಗೆ ಬರುವ ಹೆಣ್ಣುಮಗಳ ಕಣ್ಣಿನಲ್ಲಿರುವ ಅಂಜಿಕೆಯನ್ನು ಬರೀ ಮನಸ್ಸಿನ ದೌರ್ಬಲ್ಯ ಎನ್ನುವ ಹಕ್ಕು ನಮಗಿಲ್ಲ. ಕಾರಣವಿರುವ ಭಯಕ್ಕೆ ಉತ್ತರ ಕೊಡಬೇಕು. ಯಾವ ಬಾಟಲಿ, ಏನು ತಪಾಸಣೆ, ಯಾರು ಜೊತೆಗಿರುತ್ತಾರೆ ಎಂದು ಮನೆಯವರಿಗೆ ತಿಳಿಸಿ ಹೇಳಬೇಕು. ಹಾಡಿನ ಸರದಿ ಆಮೇಲೆ.

ಥಿಯೇಟರಿನ ಸ್ಪೀಕರಿನಲ್ಲಿ ಡಾಕ್ಟರು ತಮಗಾಗಿ ಹಾಕಿಕೊಳ್ಳುವ ಹಾಡಿನ ವಿಷಯವೇ ಬೇರೆ. ಬ್ರಿಟನ್ನಿನಲ್ಲಿ 20 ಶಸ್ತ್ರಚಿಕಿತ್ಸೆಗಳನ್ನು ವಿಡಿಯೋ ಮಾಡಿ ನೋಡಿದಾಗ, ಹಾಡು ಹಚ್ಚಿದ್ದಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಬೇಕಾದ ಪ್ರಸಂಗ ಹೆಚ್ಚು ಎಂದು 2015ರಲ್ಲಿ ವರದಿಯಾಯಿತು. ನನಗೂ ಕೇಳಲೇಬೇಕಾದ ಒಂದು ಸ್ವರವಿದೆ. ರೋಗಿಯ ಬೆರಳಿಗೆ ಸಿಕ್ಕಿಸಿದ ಪಲ್ಸ್ ಆಕ್ಸಿಮೀಟರ್ ಪ್ರತಿ ನಾಡಿಗೂ ಕೂಗುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿದರೆ ಆ ಕೂಗಿನ ಶ್ರುತಿಯೂ ಇಳಿಯುತ್ತದೆ. ಮಾನಿಟರಿನ ಪರದೆ ನೋಡದೆಯೇ ಅಪಾಯ ತಿಳಿಯುವುದು ಹಾಗೆ. ಅದನ್ನು ಮುಚ್ಚುವ ಯಾವ ಹಾಡೂ ಅಲ್ಲಿ ಬೇಡ. ಆದ್ದರಿಂದ ಹಾಡು ರೋಗಿಯ ಕಿವಿಗೆ ಮಾತ್ರ, ಅದೂ ಒಂದು ಕಿವಿಗೆ, ಸಣ್ಣ ದನಿಯಲ್ಲಿ. ಇನ್ನೊಂದು ಕಿವಿ ನಮ್ಮ ಮಾತಿಗೆ. ಕೂಸು ಅತ್ತಾಗ ಹಾಡು ನಿಲ್ಲಿಸಿ.

ಸಿರುಗುಪ್ಪದ, ಕುರುಗೋಡಿನ ಆಸ್ಪತ್ರೆಗಳ ವೈದ್ಯರಲ್ಲಿ, ಸ್ಟಾಫ್ ನರ್ಸುಗಳಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಒಂದು ಹಳೆಯ ಮೊಬೈಲ್, ಸಿಮ್ ಇಲ್ಲದಿದ್ದರೂ ಸರಿ. ಒಬ್ಬರಿಂದ ಒಬ್ಬರಿಗೆ ಒರೆಸಿ ಕೊಡಬಹುದಾದ ಇಯರ್‌ಫೋನುಗಳು. ಆಪರೇಷನ್ ಮುಂಚಿನ ತಪಾಸಣೆಯ ಹಾಳೆಯಲ್ಲಿ, ಅಲರ್ಜಿ ಇದೆಯೇ, ಹಲ್ಲು ಕಟ್ಟಿಸಿದ್ದಾರೆಯೇ ಎಂಬ ಸಾಲುಗಳ ಕೆಳಗೆ ಇನ್ನೊಂದು ಸಾಲು: ಯಾವ ಹಾಡು ಇಷ್ಟ, ಯಾವುದು ಬೇಡ. ಬೇಡ ಎಂದವರಿಗೆ ಒತ್ತಾಯವಿಲ್ಲ. ಸುಟ್ಟಗಾಯದ ಡ್ರೆಸ್ಸಿಂಗಿನಿಂದ ಶುರುಮಾಡಿ, ದಿನಾ ಅಳು ಕೇಳುವುದು ಅಲ್ಲೇ. ನೋವಿನ ಇಂಜೆಕ್ಷನ್ ಕೊಟ್ಟು, ಅದು ಹಿಡಿಯುವ ತನಕ ಕಾದು, ಆಮೇಲೆ ಹಾಡು ಹಚ್ಚಿ, ನಂತರ ಬ್ಯಾಂಡೇಜು ಬಿಚ್ಚಿ. ಸೊನ್ನೆಯಿಂದ ಹತ್ತರ ತನಕ ನೋವು ಎಷ್ಟಿತ್ತೆಂದು ಕೇಳಿ ಬರೆದಿಡಿ. ಒಂದು ವರ್ಷದ ಬರಹ ಕೂಡಿದರೆ ಬಳ್ಳಾರಿಗೆ ತನ್ನದೇ ಪುರಾವೆ ಇರುತ್ತದೆ.

ಸಭೆಯಲ್ಲಿರುವ ಅಧ್ಯಾಪಕರಲ್ಲಿ, ವಿದ್ಯಾರ್ಥಿಗಳಲ್ಲಿ ಇನ್ನೊಂದು ಬೇಡಿಕೆ. ಆಸ್ಪತ್ರೆಯಲ್ಲಿ ಹಾಕಲು ನಮ್ಮ ಊರಿನ ಹಾಡುಗಳು ಬೇಕು. ಬೀಸುವ ಪದ, ಜೋಗುಳ, ಬುರ್ರಕಥೆ, ಬಯಲಾಟದ ಪದ, ಮೊಹರಂ ಪದ ಹಾಡುವವರು ಇನ್ನೂ ನಮ್ಮ ನಡುವೆ ಇದ್ದಾರೆ, ಬಹಳ ಜನ ವಯಸ್ಸಾದವರು. ಅವರ ಮನೆಗೆ ಹೋಗಿ, ಒಪ್ಪಿಗೆ ಕೇಳಿ, ಹಾಡಿಸಿ ರೆಕಾರ್ಡ್ ಮಾಡಿಕೊಡಿ. ಹಾಡಿದವರ ಕೈಗೆ ಗೌರವಧನ ತಪ್ಪದೆ ಸಲ್ಲಲಿ. ಇಂದಿನ ಉಪನ್ಯಾಸದ ಸಂಭಾವನೆಯನ್ನು ಆ ಕೆಲಸಕ್ಕೇ ಕೊಡುತ್ತಿದ್ದೇನೆ. ಉಳಿದದ್ದನ್ನು ನೀವು ಕೂಡಿಸಿ.