ಇಲಿ, ಚಿಗಟ ಮತ್ತು ಪ್ಲೇಗು
(ರೈತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ವ್ಯವಸಾಯದ ಇಲಾಖೆಯವನು ಪ್ಲೇಗಿನ ಮಾತನ್ನೇಕೆ ಎತ್ತಿದನೆಂದು ತಾವು ಕೇಳಬಹುದು. ಇಲಿಗಳು ಮನೆಗೆ ಬರುವುದು ಕಾಳನ್ನರಸಿ. ಕಾಳಿನ ರಕ್ಷಣೆ ನನ್ನ ಕೆಲಸಕ್ಕೆ ಸೇರಿದ್ದು. ಆದ್ದರಿಂದ ಎತ್ತಿದೆನು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರನ್ನು ಮುಟ್ಟಿತು. ಜನರು ಗಾಳಿ ಕೆಟ್ಟಿತೆಂದರು. ಪ್ಲೇಗ್ ಮಾರಮ್ಮನಿಗೆ ಗುಡಿ ಕಟ್ಟಿದರು. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಬೇಕೆಂಬುದನ್ನು ಮಾತ್ರ ನಮ್ಮ ಹಿರಿಯರು ಸರಿಯಾಗಿಯೇ ತಿಳಿದಿದ್ದರು. ಇಲಿಗೂ ಮನುಷ್ಯನಿಗೂ ನಡುವಣ ಕೊಂಡಿ ಚಿಗಟವೆಂದು ಅದೇ 1898ರಲ್ಲಿ ಕರಾಚಿಯಲ್ಲಿ ಸೀಮೋನ್ ಎಂಬ ಫ್ರೆಂಚ್ ವೈದ್ಯನು ತೋರಿಸಿದನು. ಮೊದಲು ಅವನನ್ನು ನಂಬಿದವರು ಕಡಮೆ.

ಚಿಗಟಕ್ಕೆ ರೆಕ್ಕೆಯಿಲ್ಲ, ಅದು ನೆಗೆಯಬಲ್ಲದು. ರೋಗ ತಗಲಿದ ಇಲಿಯ ರಕ್ತವನ್ನು ಕುಡಿದಾಗ ರೋಗಕ್ರಿಮಿಗಳು ಅದರ ಹೊಟ್ಟೆಯ ಬಾಯಲ್ಲಿ ಬೆಳೆದು ದಾರಿಯನ್ನು ಕಟ್ಟಿಬಿಡುವುವು. ಕುಡಿದ ರಕ್ತ ಒಳಗಿಳಿಯದೆ, ಹಸಿವು ತೀರದೆ, ಅಂಥ ಚಿಗಟವು ಮತ್ತೆ ಮತ್ತೆ ಕಚ್ಚುವುದು. ಕಚ್ಚಿದಾಗ ಕ್ರಿಮಿಗಳನ್ನು ಗಾಯದೊಳಕ್ಕೆ ಕಾರುವುದು. ಇಲಿ ಸತ್ತು ದೇಹ ತಣ್ಣಗಾದೊಡನೆ ಚಿಗಟಗಳು ಅದನ್ನು ಬಿಟ್ಟು ಬೆಚ್ಚಗಿನ ಬೇರೊಂದು ಮೈಯನ್ನು ಅರಸುವುವು. ಇಲಿಗಳು ಮುಗಿದ ಮನೆಯಲ್ಲಿ ಆ ಮೈ ಯಾರದು? ನೆಲದ ಮೇಲೆ ಮಲಗಿರುವ ಮಗುವಿನದು.

ನಮ್ಮವರು ತಪ್ಪುವುದು ಇಲ್ಲಿಯೇ. ಇಲಿ ಬಿದ್ದ ಕೂಡಲೆ ಉಳಿದವಕ್ಕೆ ಪಾಷಾಣವಿಡಲು ಹೊರಡುವರು. ಅದು ಚಿಗಟಗಳನ್ನು ನಾವಾಗಿ ಮೈಮೇಲೆ ಕರೆದುಕೊಂಡಂತೆ. ಬಿಲಗಳಿಗೂ ಇಲಿ ಓಡಾಡುವ ಜಾಗಗಳಿಗೂ ಚಿಗಟನಾಶಕ ಪುಡಿಯನ್ನು ಹಾಕಿಸಿದ ಮೇಲೆಯೇ ಇಲಿಗಳನ್ನು ಕೊಲ್ಲತಕ್ಕದ್ದು. ಸತ್ತ ಇಲಿಯನ್ನು ಬಾಲ ಹಿಡಿದು ತಿಪ್ಪೆಗೆ ಎಸೆಯಬೇಡಿರಿ. ಮಕ್ಕಳನ್ನೂ ನಾಯಿಬೆಕ್ಕುಗಳನ್ನೂ ದೂರವಿಟ್ಟು ಆ ದಿನವೇ ಆರೋಗ್ಯ ಇಲಾಖೆಗೆ ತಿಳಿಸಿರಿ. ಜಾತ್ರೆ ನಿಂತುಹೋದೀತೆಂದು ಸುದ್ದಿಯನ್ನು ಮುಚ್ಚಿಡುವ ಯಜಮಾನರೂ ಉಂಟು. ಜಾತ್ರೆಯಿಂದ ಹಿಂದಿರುಗುವ ಗಾಡಿಗಳ ಚೀಲಗಳಲ್ಲಿ ಚಿಗಟವು ನೆರೆಯೂರಿಗೆ ಹೋಗುವುದೆಂಬುದು ಅವರಿಗೆ ತಿಳಿಯದು.

ಜ್ವರ ಬಂದು ತೊಡೆಯ ಸಂದಿನಲ್ಲಾಗಲಿ ಕಂಕುಳಿನಲ್ಲಾಗಲಿ ಗಂಟು ಎದ್ದರೆ ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಸ್ಟ್ರೆಪ್ಟೋಮೈಸಿನ್ ಮೊದಲಾದ ಔಷಧಗಳನ್ನು ಬೇಗ ಕೊಟ್ಟರೆ ರೋಗಿ ಉಳಿಯುವನು. ಇದು ಹಳೆಯ ಕಾಲದ ರೋಗವೆಂದು ನಗಬೇಡಿರಿ. 1994ರಲ್ಲಿ ಸೂರತ್ತಿನಲ್ಲಿ ಮತ್ತೆ ತಲೆಯೆತ್ತಿತು.

ಇನ್ನು ಕಣಜದ ವಿಷಯ. ಪಡಸಾಲೆಯಲ್ಲಿ ರಾಗಿಯ ಚೀಲಗಳನ್ನು ಒಟ್ಟಿ ಅವುಗಳ ಪಕ್ಕದಲ್ಲಿಯೇ ಮಲಗುವುದು ನಮ್ಮ ರೂಢಿ. ನಾನೂ ಹಾಗೆ ಮಲಗಿ ಬೆಳೆದವನು. ಚಿಗಟದ ಮೊಟ್ಟೆ ಮರಿಗಳು ಇರುವುದು ಆ ಚೀಲಗಳ ಅಡಿಯ ಧೂಳಿನಲ್ಲಿ. ಕಾಳನ್ನು ಮಲಗುವ ಮನೆಯಿಂದ ಹೊರಕ್ಕೆ ಸಾಗಿಸಿ, ಮೂರು ಅಡಿ ಎತ್ತರದ ಕಂಬಗಳ ಮೇಲೆ ಕಣಜವನ್ನು ಕಟ್ಟಿ, ಒಂದೊಂದು ಕಂಬಕ್ಕೂ ತಗಡಿನ ಕೊಳಗವನ್ನು ಬೋರಲಾಗಿ ಹೊದಿಸಿದರೆ ಇಲಿ ಹತ್ತಲಾರದು. ಅಂಥ ಒಂದು ಕಂಬವನ್ನು ಗಾಡಿಯಲ್ಲಿ ತಂದಿದ್ದೇನೆ. ಸಭೆ ಮುಗಿದ ಮೇಲೆ ತಾವು ನೋಡಬಹುದು.