ಎಂ.ಎ. ಅಂಕ ಕಡಿಮೆ ಇದ್ದವರಿಗೆ ಪಿಎಚ್‌.ಡಿ. ದಾರಿ

ಕುಂದಾಪುರದಲ್ಲಿ ಪದವಿ ಓದಿ, ಕೊಣಾಜೆಯ ವಿಶ್ವವಿದ್ಯಾಲಯಕ್ಕೆ ಹೋಗಿ ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಬಂದವರು ಹೆಮ್ಮಾಡಿಯ ಸುತ್ತಮುತ್ತ ಇದ್ದಾರೆ. ಅಂಕಪಟ್ಟಿಯಲ್ಲಿ ಶೇಕಡ 57, 58 ಕಂಡ ಕೂಡಲೇ ಪಿಎಚ್‌.ಡಿ. ನಮಗಲ್ಲ ಎಂದುಕೊಂಡು ಅರ್ಜಿಯನ್ನೇ ಹಾಕದವರೂ ಅವರಲ್ಲಿ ಉಂಟು. ಈ ತೀರ್ಮಾನ ಅವಸರದ್ದು ಎಂದು ನಾನು ನಂಬಿದ್ದೇನೆ.

ನಿಯಮ ಏನು ಹೇಳುತ್ತದೆ ನೋಡಿ. ಯುಜಿಸಿಯ 2022ರ ನಿಯಮಾವಳಿಯಂತೆ ಎಂ.ಎ.ಯಲ್ಲಿ ಶೇಕಡ 55 ಬೇಕು. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರಿಗೆ ಶೇಕಡ 5ರ ರಿಯಾಯಿತಿ ಇದೆ. ಆದರೆ ಪಿಎಚ್‌.ಡಿ. ಪ್ರವೇಶಕ್ಕೂ ದಾರಿಯಾಗುವ ನೆಟ್ ಪರೀಕ್ಷೆಗೆ ಹಿಂದುಳಿದ ವರ್ಗ ಎಂದರೆ ಕೇಂದ್ರದ ಪಟ್ಟಿಯಲ್ಲಿರುವುದು. ರಾಜ್ಯದ ಪ್ರಮಾಣಪತ್ರವೊಂದನ್ನೇ ಹಿಡಿದುಕೊಂಡು ಕೂತರೆ ಕೊನೆಗಳಿಗೆಯಲ್ಲಿ ಪೇಚಾಟ. 54.9 ಇದ್ದರೆ ಅದನ್ನು 55 ಎಂದು ಎಣಿಸುವುದೂ ಇಲ್ಲ.

ಆ ಗೆರೆ ದಾಟಿದ ಮೇಲೆ ಲೆಕ್ಕವೇ ಬೇರೆ. 2024ರಿಂದ ನೆಟ್ ಅಂಕದ ಮೇಲೂ ಪಿಎಚ್‌.ಡಿ. ಪ್ರವೇಶ ಸಿಗುತ್ತಿದೆ. ನೆಟ್‌ನಲ್ಲಿ ಜೆ.ಆರ್.ಎಫ್., ಅಂದರೆ ಕಿರಿಯ ಸಂಶೋಧಕರ ಶಿಷ್ಯವೇತನ, ಪಡೆದವರಿಗೆ ಸಂದರ್ಶನ ಸಾಕು. ಉಳಿದವರಿಗೆ ನೆಟ್ ಅಂಕಕ್ಕೆ ಶೇಕಡ 70, ಸಂದರ್ಶನಕ್ಕೆ ಶೇಕಡ 30 ತೂಕ. ಈ ಕೂಡಿಕೆಯಲ್ಲಿ ಎಂ.ಎ. ಅಂಕಕ್ಕೆ ಜಾಗವೇ ಇಲ್ಲ. 57 ಪಡೆದವರೂ 80 ಪಡೆದವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಜೆ.ಆರ್.ಎಫ್. ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಶಿಷ್ಯವೇತನ. ಮನೆಯಲ್ಲಿ ಸಂಪಾದನೆಗೆ ಕಾಯುತ್ತಿರುವವರಿಗೆ ಇದು ಸಣ್ಣ ಮಾತಲ್ಲ.

ನಮ್ಮ ಮಕ್ಕಳು ಸೋಲುವುದು ಹೆಚ್ಚಾಗಿ ಗಣಿತದ ಭಾಗದಲ್ಲಿ. ಸಂಖ್ಯಾಶಾಸ್ತ್ರ, ಅರ್ಥಮಿತಿ, ಗಣಿತೀಯ ಅರ್ಥಶಾಸ್ತ್ರ ನೆಟ್ ಪಠ್ಯದಲ್ಲೇ ಇವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಪ್ರಶ್ನೆಪತ್ರಿಕೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ ಇರುವುದು ಇನ್ನೊಂದು ಹೊರೆ. ಕಡಿಮೆ ಅಂಕ ಬಂದ ಪತ್ರಿಕೆ ಯಾವುದು ಎಂದು ಹುಡುಕಿ, ಅದನ್ನೇ ಆರು ತಿಂಗಳು ಮತ್ತೆ ಓದುವುದು ಗಣಿತದ ಸೋಲಿಗೆ ನೇರವಾದ ಮದ್ದು.

ಎಲಿನಾರ್ ಆಸ್ಟ್ರಮ್ ಹೆಸರನ್ನು ಇಲ್ಲಿ ಹೇಳಲೇಬೇಕು. ಹುಡುಗಿ ಎಂಬ ಕಾರಣಕ್ಕೆ ಶಾಲೆಯಲ್ಲಿ ತ್ರಿಕೋನಮಿತಿ ಕಲಿಯುವ ಅವಕಾಶ ಆಕೆಗೆ ತಪ್ಪಿತ್ತು. ಗಣಿತ ಸಾಲದು ಎಂದು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗದಲ್ಲಿ ಪಿಎಚ್‌.ಡಿ.ಗೆ ಎಡೆ ಸಿಗಲಿಲ್ಲ. ಅಲ್ಲೇ ರಾಜ್ಯಶಾಸ್ತ್ರಕ್ಕೆ ಸೇರಿ 1965ರಲ್ಲಿ ಪದವಿ ಪಡೆದರು. ನೀರು, ಕಾಡು, ಮೀನಿನಂಥ ಎಲ್ಲರ ಸೊತ್ತನ್ನು ಜನರೇ ಹೇಗೆ ಕಾಯುತ್ತಾರೆ ಎಂದು ಜೀವನವಿಡೀ ಕೇಳಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆಯಾದರು. ಟರ್ಕಿಯ ಅಲಾನ್ಯಾದಲ್ಲಿ ಮೀನುಗಾರರು ಚೀಟಿ ಎತ್ತಿ ಬಲೆಯ ಜಾಗ ಹಂಚಿಕೊಳ್ಳುತ್ತಿದ್ದ ಕ್ರಮವನ್ನು ಅವರು ಉದಾಹರಣೆಯಾಗಿ ತೋರಿಸಿದ್ದಾರೆ.

ಅಂಥ ಪ್ರಶ್ನೆಗೆ ನಾವು ಟರ್ಕಿಗೆ ಹೋಗಬೇಕಾಗಿಲ್ಲ. ಊರೇ ಸೇರಿ ಎಳೆದು ಪಾಲು ಹಂಚಿಕೊಳ್ಳುತ್ತಿದ್ದ ರಂಪಣಿ ಬಲೆ, 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಹಿಂದೆ ಸರಿಯಿತು. ಆ ಪಾಲಿನ ಕ್ರಮ ಹೋದ ಮೇಲೆ ಗಂಗೊಳ್ಳಿಯ ಮನೆಗಳು ಮಳೆಗಾಲದ ಮೀನುಗಾರಿಕೆ ನಿಷೇಧದ ದಿನಗಳನ್ನು ಯಾರ ಸಾಲದಲ್ಲಿ ಕಳೆಯುತ್ತವೆ? ಹೆಮ್ಮಾಡಿಯ ಸೇವಂತಿಗೆಯನ್ನೇ ತೆಗೆದುಕೊಳ್ಳಿ. ಮಕರ ಸಂಕ್ರಾಂತಿಯ ಮಾರಣಕಟ್ಟೆ ಜಾತ್ರೆಯನ್ನು ನೆಚ್ಚಿಕೊಂಡ ಬೆಳೆ ಅದು. ಹೂವು ವಾರ ತಡವಾಗಿ ಅರಳಿದರೆ ನಷ್ಟ ಯಾರ ತಲೆಗೆ ಬರುತ್ತದೆ, ಬೆಳೆದವರಿಗೋ, ಕೊಂಡು ಮಾರುವವರಿಗೋ? ಇದನ್ನು ಗದ್ದೆಯಲ್ಲಿ ನಿಂತು ಕೇಳಿ, ಲೆಕ್ಕ ಬರೆದುಕೊಂಡು ಬಂದವರ ಸಂಶೋಧನಾ ಪ್ರಸ್ತಾವಕ್ಕೆ ಸಂದರ್ಶನದಲ್ಲಿ ಬೆಲೆ ಇದ್ದೇ ಇದೆ. ವಿ.ಕೆ.ಆರ್.ವಿ. ರಾವ್ 1972ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಐಸೆಕ್, ಅಂದರೆ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆ, ಇಂಥ ಕ್ಷೇತ್ರಕಾರ್ಯವನ್ನೇ ನೆಚ್ಚಿ ಬೆಳೆದದ್ದು.

ಅಮೆರಿಕದಲ್ಲಿ ಪಿಎಚ್‌.ಡಿ. ಮಾಡುವ ದಾರಿ ಇದಕ್ಕಿಂತ ಕಠಿಣ. ಅಲ್ಲಿ ಅಂಕಪಟ್ಟಿಯ ಒಂದೊಂದು ಸಾಲನ್ನೂ, ಅದರಲ್ಲೂ ಗಣಿತವನ್ನು ಓದುತ್ತಾರೆ. ಕಡಿಮೆ ಅಂಕಕ್ಕೆ ಕಾರಣವಿದ್ದರೆ ಅರ್ಜಿಯಲ್ಲಿ ಎರಡು ವಾಕ್ಯ ಸಾಕು, ಗೋಳು ಬೇಡ. ಒಂದೆರಡು ವರ್ಷ ಅರ್ಥಶಾಸ್ತ್ರಜ್ಞರೊಬ್ಬರ ಕೈಕೆಳಗೆ ಸಂಶೋಧನಾ ಸಹಾಯಕರಾಗಿ ದತ್ತಾಂಶದ ಕೆಲಸ ಮಾಡಿದರೆ, ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರ ಶಿಫಾರಸು ಪತ್ರ ಸಿಗುತ್ತದೆ. ಹಳೆಯ ಅಂಕಪಟ್ಟಿಯ ಪಕ್ಕದಲ್ಲಿ ತೂಗಬಲ್ಲ ಕಾಗದ ಅದೊಂದೇ.

ನೆಟ್ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಸರದಿಗಳಲ್ಲಿ ನಡೆಯುತ್ತದೆ. ಜೆ.ಆರ್.ಎಫ್. ಇಲ್ಲದವರ ಅಂಕ ಪಿಎಚ್‌.ಡಿ. ಪ್ರವೇಶಕ್ಕೆ ಒಂದೇ ವರ್ಷ ಊರ್ಜಿತ. ಆದ್ದರಿಂದ ಫಲಿತಾಂಶ ಬರುವವರೆಗೆ ಕಾಯದೆ, ಓದುತ್ತಿರುವಾಗಲೇ ಪ್ರಸ್ತಾವದ ಮೊದಲ ಕರಡು ಬರೆದು ನಿಮಗೆ ಪಾಠ ಹೇಳಿದವರೊಬ್ಬರ ಕೈಗೆ ಕೊಡಿ.