ಸಂಘದ ಗಣಕಯಂತ್ರವನ್ನು ಕಾಯುವ ಬಗೆ
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಡಹಬ್ಬದ ದಿನ ಯಂತ್ರದ ಮಾತೇಕೆ ಎಂದು ತಾವು ಕೇಳಬಹುದು. ಸಂಘದ ಸದಸ್ಯರ ಪಟ್ಟಿ, ಲೆಕ್ಕಪತ್ರ, ಹಳೆಯ ಸ್ಮರಣ ಸಂಚಿಕೆಗಳು, ಅಗಲಿದ ಹಿರಿಯರ ಭಾವಚಿತ್ರಗಳು ಎಲ್ಲವೂ ಈಗ ಕಚೇರಿಯ ಸರ್ವರಿನಲ್ಲಿವೆ. ಯಂತ್ರ ಕೆಟ್ಟರೆ ಇನ್ನೊಂದು ತರಬಹುದು. ಆ ಚಿತ್ರಗಳನ್ನು ಎಲ್ಲಿಂದ ತರೋಣ?

ಅದರಲ್ಲಿ ನಡೆಯುವುದು ಡೆಬಿಯನ್ ಎಂಬ ಮುಕ್ತ ತಂತ್ರಾಂಶ. ಅದರ ತಿರುಳಾದ ಲಿನಕ್ಸನ್ನು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆಯತೊಡಗಿದರು. ಡೆಬಿಯನ್ನನ್ನು 1993ರಿಂದ ಸ್ವಯಂಸೇವಕರು ಬೆಳೆಸಿಕೊಂಡು ಬಂದಿದ್ದಾರೆ. ಇದಕ್ಕೆ ಹಣ ಕೊಡಬೇಕಾಗಿಲ್ಲ. ಎಚ್ಚರ ಮಾತ್ರ ಬೇಕು.

ಮೊದಲನೆಯದಾಗಿ, ರೂಟ್ ಎಂಬುದು ಮನೆಯ ಎಲ್ಲ ಕೋಣೆಗಳಿಗೂ ಹೊಂದುವ ಬೀಗದಕೈ. ನಿತ್ಯದ ಕೆಲಸಕ್ಕೆ ಅದನ್ನು ಹಿಡಿಯಬಾರದು. ಒಬ್ಬೊಬ್ಬರಿಗೂ ಬೇರೆ ಖಾತೆಯಿರಲಿ; ಅಗತ್ಯ ಬಿದ್ದಾಗ ಮಾತ್ರ ಸುಡೊ ಬಳಸಲಿ. ಎರಡನೆಯದಾಗಿ, ಸುರಕ್ಷತೆಯ ತಿದ್ದುಪಡಿಗಳನ್ನು ವಾರಕ್ಕೊಮ್ಮೆಯಾದರೂ ಹಾಕಬೇಕು. ಮೂರನೆಯದಾಗಿ, ಯಂತ್ರವನ್ನು ನೆಲದ ಮೇಲೆ ಇಡಬಾರದು, ಯು.ಪಿ.ಎಸ್. ಇಲ್ಲದೆ ನಡೆಸಬಾರದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನೂ, 2020ರ ಅಕ್ಟೋಬರ್ 12ರಂದು ಮುಂಬಯಿಯಲ್ಲಿ ವಿದ್ಯುತ್ ನಿಂತುದನ್ನೂ ಮರೆತವರುಂಟೆ?

ಎಲ್ಲಕ್ಕಿಂತ ಮುಖ್ಯವಾದುದು ನಕಲು ತೆಗೆಯುವ ಕೆಲಸ. ನಮ್ಮ ತಪ್ಪನ್ನೇ ಹೇಳುತ್ತೇವೆ. ಪ್ರತಿರಾತ್ರಿಯೂ ಆರ್‌ಸಿಂಕ್ ಮೂಲಕ ಹೊರಗಿನ ಡಿಸ್ಕಿಗೆ ನಕಲು ಹೋಗುವಂತೆ ಕ್ರಾನಿನಲ್ಲಿ ಗೊತ್ತುಮಾಡಿ ನಿಶ್ಚಿಂತರಾಗಿದ್ದೆವು. ಒಂದು ದಿನ ಅಳಿಸಿಹೋದ ಚಿತ್ರವೊಂದನ್ನು ಹುಡುಕಿಕೊಂಡು ಡಿಸ್ಕನ್ನು ತೆರೆದರೆ ಅದು ಬರಿದು! ಕೆಲವು ತಿಂಗಳಿಂದ ಡಿಸ್ಕು ಯಂತ್ರಕ್ಕೆ ಜೋಡಣೆಯೇ ಆಗಿರಲಿಲ್ಲ. ನಕಲೆಲ್ಲ ಅದೇ ಹೆಸರಿನ ಖಾಲಿ ಕೋಶಕ್ಕೆ, ಯಂತ್ರದ ಒಳಗೇ ಬೀಳುತ್ತಿತ್ತು. ಆ ಚಿತ್ರವನ್ನು ಅಲ್ಲಿಂದ ತೆಗೆದುಕೊಂಡೆವು, ನಿಜ. ಆದರೆ ಯಂತ್ರವೇ ಕೆಟ್ಟಿದ್ದರೆ ಎರಡೂ ಹೋಗುತ್ತಿದ್ದವು. ಈಗ ಡಿಸ್ಕು ಸೇರಿದೆಯೇ ಎಂದು ಮೌಂಟ್‌ಪಾಯಿಂಟ್ ಆಜ್ಞೆಯಿಂದ ಪರೀಕ್ಷಿಸಿದ ಮೇಲೆಯೇ ನಕಲು ಮೊದಲಾಗುತ್ತದೆ. ತಿಂಗಳಿಗೊಮ್ಮೆ ಯಾವುದಾದರೂ ಕಡತವನ್ನು ಮರಳಿ ತೆಗೆದು ಓದಿ ನೋಡುತ್ತೇವೆ. ಮರಳಿ ಪಡೆಯಲಾಗದ ನಕಲು ನಕಲೇ ಅಲ್ಲ.

ರೇಡ್ ಇದೆಯಲ್ಲ ಎಂದು ಸುಮ್ಮನಿರಲೂಬಾರದು. ಒಂದು ಡಿಸ್ಕು ಕೆಟ್ಟರೆ ಅದು ಕಾಯುತ್ತದೆ. ಕೈತಪ್ಪಿ ಅಳಿಸಿದ್ದನ್ನು ಎರಡು ಡಿಸ್ಕಿನಲ್ಲೂ ಅಳಿಸುತ್ತದೆ. ಆದ್ದರಿಂದ ಹಳೆಯ ದಿನಗಳ ನಕಲುಗಳೂ ಬೇರೆಯಾಗಿರಬೇಕು.

ಕೊನೆಯದಾಗಿ ಒಂದು ಅರಿಕೆ. ಒಂದು ನಕಲು ಈ ಊರಿನಿಂದ ಹೊರಗಿರಬೇಕು. ಬೇಸಗೆಯ ರಜೆಯಲ್ಲಿ ಊರಿಗೆ ಹೋಗುವವರು ಲಕ್ಸ್ ವಿಧಾನದಿಂದ ಬೀಗ ಹಾಕಿದ ಡಿಸ್ಕೊಂದನ್ನು ಒಯ್ದು ಮನೆಯಲ್ಲಿಟ್ಟು, ಹೋದ ವರ್ಷದ್ದನ್ನು ಹಿಂದಕ್ಕೆ ತರಲಿ. ಅದರ ಗುಪ್ತಪದ ಇಬ್ಬರಿಗಾದರೂ ತಿಳಿದಿರಲಿ. ಒಬ್ಬರೊಡನೆಯೇ ಅದು ಕಾಲವಾಗಬಾರದು.

ಊರಿನಿಂದ ಹಪ್ಪಳ, ಉಪ್ಪಿನಕಾಯಿ ಹೊತ್ತು ತರುವ ನಮಗೆ ಅಂಗೈಯಗಲದ ಈ ಡಿಸ್ಕು ಭಾರವೆ? ಈ ಸಲ ಯಾರು ಒಯ್ಯುವಿರೋ, ಸಭೆ ಮುಗಿದ ಕೂಡಲೆ ಹೆಸರು ಬರೆಸಬೇಕೆಂದು ಬೇಡಿ, ವಿರಮಿಸುತ್ತೇವೆ.